ರೂಮಿನಲ್ಲಿ ಉಳಿಸಿ, ನಾಷ್ಟಾಕ್ಕೆ ಕೊಡಿ

ಸಣ್ಣ ಪ್ರವಾಸಕ್ಕೆ ಹೊರಡುವಾಗ ನಾನು ಮೊದಲು ತೆಗೆದಿಡುವುದು ನಾಷ್ಟಾದ ದುಡ್ಡು. ರೂಮು, ಆಟೋ, ಊಟ ಎಲ್ಲ ಆಮೇಲೆ. ನಮ್ಮ ಅತ್ತೆಯವರಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಗುಳಿಗೆ ನುಂಗಿದ ಮೇಲೆ ತಡಮಾಡದೆ ಹೊಟ್ಟೆಗೆ ಏನಾದರೂ ಬೀಳಲೇಬೇಕು. ಅವರ ಜೊತೆ ಊರೂರು ತಿರುಗಿ ನನಗೆ ಗಟ್ಟಿಯಾದ ಲೆಕ್ಕ ಇದು: ಬೆಳಿಗ್ಗೆ ಬಿಸಿಯಾಗಿ, ಹೊಟ್ಟೆ ತುಂಬ ತಿಂದರೆ ಮಧ್ಯಾಹ್ನದ ತನಕ ಚೀಲಕ್ಕೆ ಕೈ ಹೋಗುವುದಿಲ್ಲ. ಅರೆಹೊಟ್ಟೆಯಲ್ಲಿ ಹೊರಟರೆ ಬಿಸ್ಕತ್ತು, ಚಿಪ್ಸು, ತಂಪು ಬಾಟಲಿ ಅಂತ ದಾರಿಯುದ್ದಕ್ಕೂ ಹತ್ತು ಇಪ್ಪತ್ತು ಸೋರುತ್ತಲೇ ಇರುತ್ತದೆ. ಕೊನೆಗೆ ಹನ್ನೊಂದೂವರೆಗೇ ಸಿಕ್ಕ ಹೋಟೆಲಿನಲ್ಲಿ ಸಿಕ್ಕ ದರಕ್ಕೆ ಊಟ.

ಹುಬ್ಬಳ್ಳಿಯಿಂದ ನರಗುಂದ, ಅಲ್ಲಿಂದ ರೋಣ, ಆಮೇಲೆ ಸೂಡಿ ನೋಡಿಕೊಂಡು ಗಜೇಂದ್ರಗಡ ಎಂದು ಗೊತ್ತುಮಾಡಿಕೊಂಡೆವು. ನರಗುಂದ, ರೋಣ, ಗಜೇಂದ್ರಗಡ ಮೂರೂ ಗದಗ ಜಿಲ್ಲೆಯ ತಾಲೂಕು ಊರುಗಳು. ಈ ಕಡೆ ಬರುವ ಪ್ರವಾಸಿಗರು ಪಟ್ಟದಕಲ್ಲಿನ ಹೆಸರು ಕೇಳಿ ಬಾದಾಮಿಯಲ್ಲಿ ಉಳಿಯುತ್ತಾರೆ, ಈ ಊರುಗಳನ್ನು ಬಸ್ಸಿನ ಕಿಟಕಿಯಿಂದಲೇ ನೋಡಿ ಮುಂದೆ ಹೋಗುತ್ತಾರೆ. ನಮಗಿಬ್ಬರಿಗೂ ಬಸ್ಸಿನ ಖರ್ಚು ಸೊನ್ನೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗಿನ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ, ಗುರುತಿನ ಚೀಟಿ ಕೈಯಲ್ಲಿದ್ದರೆ ಸಾಕು. ಹಾಗೆ ಉಳಿದ ದುಡ್ಡು ಸಣ್ಣ ಊರಿನ ಹೋಟೆಲಿನ ಗಲ್ಲಾಪೆಟ್ಟಿಗೆಗೆ ಹೋಗಲಿ ಅನ್ನುವುದು ನನ್ನ ಆಸೆ.

ರೂಮಿನ ದರ ನೋಡುವಾಗ ‘ತಿಂಡಿ ಸಹಿತ’ ಎಂದಿದ್ದರೆ ಅಲ್ಲೇ ನಿಂತು ಲೆಕ್ಕ ಹಾಕಿ. ಅದೇ ರೂಮಿಗೆ ತಿಂಡಿ ಇಲ್ಲದ ದರ ಎಷ್ಟೆಂದು ಕೇಳಿ, ವ್ಯತ್ಯಾಸವನ್ನು ತಲೆಗೆ ಹಂಚಿ. ನಾನು ವಿಚಾರಿಸಿದ ಒಂದು ಕಡೆ ಇಬ್ಬರಿಗೆ ಐನೂರು ರೂಪಾಯಿ ವ್ಯತ್ಯಾಸವಿತ್ತು. ಅಂದರೆ ಒಂದು ನಾಷ್ಟಾಕ್ಕೆ ಇನ್ನೂರೈವತ್ತು! ಅದೂ ಎಂಟು ಗಂಟೆಗೆ ಮುಂಚೆ ಸಿಗುವುದಿಲ್ಲವಂತೆ. ನರಗುಂದದ ಗುಡ್ಡ ಹತ್ತುವವರಿಗೆ ಎಂಟು ಗಂಟೆ ಎಂದರೆ ಆಗಲೇ ಬಿಸಿಲು. 1858ರಲ್ಲಿ ನರಗುಂದದ ಅರಸ ಬಾಬಾಸಾಹೇಬರು ಬ್ರಿಟಿಷರ ವಿರುದ್ಧ ಬಂಡೆದ್ದ ಕೋಟೆ ಆ ಗುಡ್ಡದ ಮೇಲಿದೆ. ನಸುಕಿನಲ್ಲಿ ಹತ್ತಿ ಇಳಿದು ಬಂದವರಿಗೆ ಬಾಣಲೆಯ ಮುಂದೆ ನಿಲ್ಲುವಷ್ಟು ಹಸಿವು ತಾನಾಗಿಯೇ ಬಂದಿರುತ್ತದೆ.

ಆ ಬಾಣಲೆ ಎಲ್ಲಿದೆ ಎಂದು ಹುಡುಕುವುದೇ ಅಸಲು ಕೆಲಸ. ನರಗುಂದ ಹುಬ್ಬಳ್ಳಿ-ವಿಜಯಪುರ ಹೆದ್ದಾರಿಯ ಊರು. ಬಸ್ ನಿಲ್ದಾಣದ ಸುತ್ತಲಿನ ಹೋಟೆಲುಗಳು ಬಸ್ಸು ಹಿಡಿಯುವವರಿಗಾಗಿ ನಡೆಯುತ್ತವೆ. ಅಲ್ಲಿ ತಿನ್ನುವವರು ನಾಳೆ ಮತ್ತೆ ಬರುವವರಲ್ಲ. ಆದ್ದರಿಂದ ಇಡ್ಲಿ ಡಬ್ಬಿಯಲ್ಲಿ ಎಷ್ಟು ಹೊತ್ತಿನಿಂದ ಕೂತಿದೆ ಎಂದು ಕೇಳುವವರೂ ಇರುವುದಿಲ್ಲ. ಐದು ನಿಮಿಷ ಬಜಾರದ ಒಳಗೆ ನಡೆದರೆ ಗಿರಾಕಿಯೇ ಬೇರೆ: ಅಂಗಡಿಯ ಬಾಗಿಲು ತೆಗೆಯಲು ಬಂದವರು, ಹಮಾಲರು, ಹಳ್ಳಿಯಿಂದ ಬೀಜ-ಗೊಬ್ಬರಕ್ಕೆ ಬಂದ ರೈತರು. ದಿನವೂ ಅಲ್ಲೇ ತಿನ್ನುವವರಿಗೆ ಹಳಸಲು ಕೊಟ್ಟು ಯಾವ ಹೋಟೆಲೂ ಬಾಳುವುದಿಲ್ಲ. ನಾನು ಫೋನಿನಲ್ಲಿ ಚುಕ್ಕಿ ಎಣಿಸುವುದಿಲ್ಲ, ಔಷಧಿ ಅಂಗಡಿಯವರನ್ನೋ ಹೂ ಮಾರುವ ಅಕ್ಕನನ್ನೋ “ನೀವು ನಾಷ್ಟಾ ಎಲ್ಲಿ ಮಾಡ್ತೀರಿ?” ಎಂದು ಕೇಳುತ್ತೇನೆ. ಒಳ್ಳೆ ಹೋಟೆಲು ಯಾವುದು ಎಂದು ಕೇಳಿದರೆ ಬೋರ್ಡು ದೊಡ್ಡದಿರುವ ಕಡೆಗೆ ಕೈ ತೋರಿಸುತ್ತಾರೆ.

ಹಾಗೆ ಕೇಳಿಕೊಂಡು ಹೋದ ಕಡೆ ಅತ್ತೆ ಒಲೆಯ ಹತ್ತಿರವೇ ನಿಂತು, “ಮಿರ್ಚಿ ಬಿಸಿ ಅದಾವೇನಪಾ?” ಎಂದರು.

“ಈಗ ಬಿಡಾಕತ್ತೀನ್ರಿ ಅವ್ವಾರ, ಐದು ಮಿನಿಟ ಕುಂದರ್ರಿ.”

ಆ ಐದು ನಿಮಿಷ ಕಾಯಲೇಬೇಕು. ಚುರಮರಿಯ ಒಗ್ಗರಣೆ, ಮೇಲೆ ಉದುರಿಸಿದ ಪುಠಾಣಿ ಹಿಟ್ಟು, ಪಕ್ಕದಲ್ಲಿ ಕಡಲೆಹಿಟ್ಟಿನಲ್ಲಿ ಅದ್ದಿ ಕರಿದ ಉದ್ದನೆಯ ಮೆಣಸಿನಕಾಯಿ. ಈ ತಾಟಿನ ಅಗ್ಗದ ಗುಟ್ಟು ಸುತ್ತಲಿನ ಹೊಲದಲ್ಲೇ ಇದೆ. ಎರೆಭೂಮಿಯಲ್ಲಿ ಹಿಂಗಾರಿಗೆ ಕಡಲೆ, ಜೋಳ. ಮುಂಗಾರಿಗೆ ಹೆಸರು, ಶೇಂಗಾ, ಉಳ್ಳಾಗಡ್ಡಿ. ಕಡಲೆ ಬೆಳೆಯುವ ನೆಲದಲ್ಲೇ ಕಡಲೆಹಿಟ್ಟಿನ ತಿಂಡಿ ತಿನ್ನುತ್ತೇವೆ. ಇದೇ ಊರಿನಲ್ಲಿ ಕಾರ್ನ್‌ಫ್ಲೇಕ್ಸು, ಬ್ರೆಡ್ ಟೋಸ್ಟು ಹುಡುಕಿದರೆ ದುಬಾರಿಯೂ ಆಗುತ್ತದೆ, ರುಚಿಯೂ ಇರುವುದಿಲ್ಲ. ಇಬ್ಬರೂ ತಿಂದು ಚಹಾ ಕುಡಿದರೂ ನೂರು ರೂಪಾಯಿ ದಾಟಲಿಲ್ಲ. ಅತ್ತೆ ಒಂದು ಮಿರ್ಚಿ ಮಾತ್ರ ತೆಗೆದುಕೊಂಡು, ಮನೆಯಿಂದ ತಂದ ಖಡಕ್ ರೊಟ್ಟಿ, ಹೆಸರಕಾಳಿನ ಪಲ್ಯ ಬಿಚ್ಚಿದರು. ಹೋಟೆಲಿನವರು ಬೇಸರಪಡಲಿಲ್ಲ, ಉಳ್ಳಾಗಡ್ಡಿ ಹೆಚ್ಚಿ ಕೊಟ್ಟರು.

ಇನ್ನು ಬಿಲ್ಲಿನ ಮಾತು. ಇಂಥ ಹೋಟೆಲುಗಳಲ್ಲಿ ಬಹಳಷ್ಟು ಕಡೆ ಬಿಲ್ಲೇ ಇರುವುದಿಲ್ಲ. ಅದನ್ನು ಕಳ್ಳತನ ಎಂದುಕೊಳ್ಳಬೇಡಿ. ವರ್ಷದ ವಹಿವಾಟು 20 ಲಕ್ಷ ದಾಟದ ಹೋಟೆಲು ಜಿಎಸ್‌ಟಿ ನೋಂದಣಿ ಮಾಡಿಸಬೇಕಿಲ್ಲ. ದಿನಕ್ಕೆ ಹಂಚಿದರೆ ಅದು ಸುಮಾರು 5,480 ರೂಪಾಯಿ. ನೋಂದಣಿಯಾಗಿ ಕಾಂಪೊಸಿಷನ್ ಪದ್ಧತಿಯಲ್ಲಿರುವವರು ತೆರಿಗೆಯನ್ನು ತಮ್ಮ ಕೈಯಿಂದಲೇ ಕಟ್ಟಬೇಕು, ಗಿರಾಕಿಯಿಂದ ಬೇರೆಯಾಗಿ ವಸೂಲಿ ಮಾಡುವಂತಿಲ್ಲ. ಆದ್ದರಿಂದ ಚೀಟಿಯಲ್ಲಿ ಜಿಎಸ್‌ಟಿ ಎಂದು ಹಾಕಿ ನೋಂದಣಿ ಸಂಖ್ಯೆ ನಮೂದಿಸದಿದ್ದರೆ ಸಮಾಧಾನದಿಂದ ಕೇಳಿ. ನಗದು, ಅದರಲ್ಲೂ ಹತ್ತು ಇಪ್ಪತ್ತರ ನೋಟು ಇಟ್ಟುಕೊಳ್ಳಿ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದ ಮೇಲೆ ಸ್ಕ್ಯಾನ್ ಮಾಡುವ ಫಲಕ ಎತ್ತಿಟ್ಟವರು ಉಂಟು. ಅವರ ಅಂಜಿಕೆ ನನಗೆ ಅರ್ಥವಾಗುತ್ತದೆ.

ರೋಣದಲ್ಲಿ ನಾವು ಹೆಚ್ಚು ಹೊತ್ತು ನಿಲ್ಲಲಿಲ್ಲ. ಭೀಮಸೇನ ಜೋಶಿ 1922ರಲ್ಲಿ ಹುಟ್ಟಿದ ಊರು ಎಂಬ ಅಭಿಮಾನದಿಂದ ಒಂದು ಚಹಾ ಹೆಚ್ಚಿಗೆ ಕುಡಿದೆವು, ಅಷ್ಟೇ. ಸೂಡಿಯ ಜೋಡು ಕಳಸದ ಗುಡಿ, ನಾಗಕುಂಡ ನೋಡುವವರು ರೋಣದಲ್ಲೋ ಗಜೇಂದ್ರಗಡದಲ್ಲೋ ತಿಂದೇ ಹೊರಡಬೇಕು. ಸೂಡಿ ಹಳ್ಳಿ, ಚಹಾದಂಗಡಿಯನ್ನೇ ನೆಚ್ಚಿ ಹೋಗಬಾರದು.

ಗಜೇಂದ್ರಗಡದಲ್ಲಿ ಮಾತ್ರ ಒಂದು ರಾತ್ರಿ ಉಳಿಯಿರಿ. ಲಾಡ್ಜಿನಲ್ಲಿ ತಿಂಡಿ ಇಲ್ಲದಿದ್ದರೆ ಒಳ್ಳೆಯದೇ ಆಯಿತು. ಕಾಲಕಾಲೇಶ್ವರ ಗುಡಿಗೆ ಮೆಟ್ಟಿಲು ಹತ್ತಬೇಕು. ಆದ್ದರಿಂದ ಮೊದಲು ಎರಡು ಇಡ್ಲಿ ಅಥವಾ ಅರ್ಧ ಪ್ಲೇಟು ಉಪ್ಪಿಟ್ಟು, ಇಳಿದು ಬಂದ ಮೇಲೆ ಒಗ್ಗರಣೆ-ಮಿರ್ಚಿ. ಎರಡು ಸಲ ತಿಂದರೂ ಬಾದಾಮಿ ಕಡೆಯ ಒಂದು ‘ತಿಂಡಿ ಸಹಿತ’ಕ್ಕಿಂತ ಕಡಿಮೆಯೇ. ಸಂತೆಯ ದಿನವಾದರೆ ಕುರಿ ಮಾರಲು ಬಂದವರು ಬೆಳಗಾಗುವ ಮುಂಚೆಯೇ ಹೋಟೆಲು ತುಂಬಿರುತ್ತಾರೆ. ಅವತ್ತು ಏಳಕ್ಕೆಲ್ಲ ಹೋಗಿ ಕೂತರೆ ಬಾಣಲೆಯಿಂದ ಇಳಿದದ್ದು ನೇರ ತಾಟಿಗೇ ಬರುತ್ತದೆ.