ಚಿಕ್ಕಪ್ಪನ ತೆರಿಗೆ, ಮಗನ ಮಾಸಾಶನ

ಅಕ್ಕ, ನಾವು ಯಲಹಂಕ ಹಳೇ ಊರಿನಲ್ಲಿ ಬಾಡಿಗೆಗಿದ್ದೇವೆ. ಯಜಮಾನರು ತೀರಿಕೊಂಡು ಆರು ವರ್ಷವಾಯಿತು. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಫಾಲ್ಸ್ ಹಾಕುತ್ತೇನೆ. ಒಬ್ಬನೇ ಮಗ, 22 ವರ್ಷ. ಹುಟ್ಟಿದಾಗಿನಿಂದ ಸೆರೆಬ್ರಲ್ ಪಾಲ್ಸಿ. ನಡೆಯಲು ಆಗುವುದಿಲ್ಲ, ಮಾತು ತೊದಲು. ಬುದ್ಧಿ ಮಾತ್ರ ಬಹಳ ಚುರುಕು. ಪಿಯುಸಿ ಪಾಸಾಗಿದ್ದಾನೆ. ಶೇ 80 ಅಂಗವೈಕಲ್ಯ ಎಂದು ಸರ್ಟಿಫಿಕೇಟ್ ಇದೆ, ತಿಂಗಳಿಗೆ 1,400 ರೂಪಾಯಿ ಪೆನ್ಷನ್ ಬರುತ್ತದೆ.

ಹೋದ ತಿಂಗಳು ಮೈದುನನ ಹೊಸ ಮನೆಯ ಗೃಹಪ್ರವೇಶ. ಅವರು ಮಾನ್ಯತಾ ಟೆಕ್ ಪಾರ್ಕಿನಲ್ಲಿ ಕೆಲಸದಲ್ಲಿದ್ದಾರೆ. ಊಟದ ಪಂಕ್ತಿಯಲ್ಲಿ ಯಾರೋ ಟ್ಯಾಕ್ಸ್ ಮಾತು ಎತ್ತಿದರು. ಮೈದುನ, "ನಾವು ದುಡಿದು ಲಕ್ಷಗಟ್ಟಲೆ ಕಟ್ಟೋದು, ಸರ್ಕಾರ ಕೂತು ತಿನ್ನೋರಿಗೆ ಹಂಚೋದು. ನಮ್ಮನೇಲೇ ಒಬ್ಬ ಇದಾನಲ್ಲ" ಎಂದು ನಕ್ಕರು. ಮಗ ಪಕ್ಕದ ಸಾಲಿನಲ್ಲೇ ಇದ್ದ. ಮನೆಗೆ ಬಂದವನೇ ಪೆನ್ಷನ್ ನಿಲ್ಲಿಸಿ ಎಂದು ತಹಶೀಲ್ದಾರರಿಗೆ ಅರ್ಜಿ ಬರೆದಿಟ್ಟಿದ್ದಾನೆ. ಅಂಗವಿಕಲರ ಗುರುತಿನ ಚೀಟಿ, ಯುಡಿಐಡಿ ಕಾರ್ಡಿನ ಅವಧಿ ಮುಗಿದಿದೆ, ಆಸ್ಪತ್ರೆಗೆ ಬಾ ಎಂದರೆ ಬರುವುದಿಲ್ಲ.

ಮೈದುನ ಕೆಟ್ಟವರಲ್ಲ. ಯಜಮಾನರ ಆಸ್ಪತ್ರೆ ಖರ್ಚಿನಲ್ಲಿ ಅರ್ಧ ಅವರೇ ಕೊಟ್ಟರು. ಅದಕ್ಕೇ ನನಗೆ ಬಾಯಿ ಬರಲಿಲ್ಲ. ಅವರ ಮಾತಿನಲ್ಲಿ ನ್ಯಾಯ ಇದೆಯಾ ಅಕ್ಕ? ಯಾರದೋ ಬೆವರಿನ ದುಡ್ಡು ನಾವು ತಿನ್ನುತ್ತಿದ್ದೀವಾ? ನನಗೂ ಮಂಡಿನೋವು ಶುರುವಾಗಿದೆ. ನಾನು ಹೋದ ಮೇಲೆ ಇವನ ಗತಿ ಏನು ಎಂದು ನೆನೆಸಿಕೊಂಡರೆ ನಿದ್ದೆ ಬರುವುದಿಲ್ಲ.

ಹೆಸರು ಬೇಡ, ಯಲಹಂಕ

ತಂಗಿ, ನೀವು ಯಾರ ಬೆವರನ್ನೂ ತಿನ್ನುತ್ತಿಲ್ಲ. ಏಕೆ ಎನ್ನುವುದನ್ನು ಲೆಕ್ಕ ಇಟ್ಟೇ ಹೇಳುತ್ತೇನೆ. ಅರ್ಜಿ ಬರೆದಿಟ್ಟಿರುವ ಹುಡುಗನಿಗೆ ಬರೀ ಸಮಾಧಾನದ ಮಾತು ಸಾಲದು. ಈ ಪುಟವನ್ನು ಅವನ ಕೈಗೇ ಕೊಡಿ.

ತಿಂಗಳಿಗೆ 1,400 ಎಂದರೆ ವರ್ಷಕ್ಕೆ 16,800 ರೂಪಾಯಿ. ಈಗ ನಿಮ್ಮ ಮೈದುನನ ಆಫೀಸಿನಲ್ಲೇ, ನಿಮ್ಮ ಮಗನಷ್ಟೇ ತೊಂದರೆ ಇರುವ ಮಗನನ್ನು ಸಾಕುತ್ತಿರುವ ಒಬ್ಬ ತಂದೆ ಇದ್ದಾರೆ ಎಂದುಕೊಳ್ಳಿ. ಹಳೆಯ ಆದಾಯ ತೆರಿಗೆ ಪದ್ಧತಿಯಲ್ಲಿ, ಅವಲಂಬಿತ ಮಗುವಿಗೆ ಅಂಗವೈಕಲ್ಯವಿದ್ದರೆ 75,000 ರೂಪಾಯಿ, ಅದು ಶೇ 80 ಅಥವಾ ಹೆಚ್ಚಿದ್ದರೆ 1,25,000 ರೂಪಾಯಿಯಷ್ಟು ವರಮಾನಕ್ಕೆ ತೆರಿಗೆಯಿಲ್ಲ. ಶೇ 30ರ ಹಂತದಲ್ಲಿರುವವರಿಗೆ ಇದರಿಂದ ವರ್ಷಕ್ಕೆ 37,500 ರೂಪಾಯಿಗೂ ಹೆಚ್ಚು ಉಳಿಯುತ್ತದೆ. ಅದೂ ಸರ್ಕಾರದ ಬೊಕ್ಕಸಕ್ಕೆ ಬರಬೇಕಾಗಿದ್ದ ಹಣವೇ. ಆ ತಂದೆಗೆ ಅದು ಸಿಗುವುದು ಸರಿಯೇ, ಸಿಗಲೇಬೇಕು. ಆದರೆ ಅವರನ್ನು ಯಾರೂ ಪಂಕ್ತಿಯಲ್ಲಿ ಕೂರಿಸಿ ನಗುವುದಿಲ್ಲ. ಸಂಬಳದವರ ಮನೆಗೆ ವಿನಾಯಿತಿ ಎಂದು ಹೋಗುವ ಹಣಕ್ಕೆ ಮರ್ಯಾದೆ, ಹೊಲಿಗೆ ಯಂತ್ರದ ಮನೆಗೆ ಮಾಸಾಶನ ಎಂದು ಬರುವ ಅದರ ಅರ್ಧಕ್ಕೂ ಕಡಿಮೆ ಹಣಕ್ಕೆ ಅವಮಾನ. ನನಗೆ ಸಿಟ್ಟು ಬರುವುದು ಇಲ್ಲಿ.

ಇನ್ನು "ನಾವು ಕಟ್ಟುವವರು, ನೀವು ತಿನ್ನುವವರು" ಎಂಬ ವಿಂಗಡಣೆ. ನಿಮ್ಮ ಮಗ ಮೊಬೈಲಿಗೆ ರೀಚಾರ್ಜ್ ಮಾಡಿಸಿದಾಗಲೆಲ್ಲ ಶೇ 18ರಷ್ಟು ಜಿಎಸ್‌ಟಿ ಕಟ್ಟುತ್ತಾನೆ. ನೀವು ಕೊಳ್ಳುವ ದಾರದ ಉಂಡೆ, ಸೋಪು, ಹೊಲಿಗೆ ಯಂತ್ರದ ಎಣ್ಣೆಯ ಮೇಲೂ ತೆರಿಗೆ ಇದೆ. 2017ರಲ್ಲಿ ಜಿಎಸ್‌ಟಿ ಬಂದಾಗ ಗಾಲಿಕುರ್ಚಿಯ ಮೇಲೂ ಶೇ 5 ಹಾಕಿದರು. ನಡೆಯಲಾಗದವನು ಚಲಿಸುವುದಕ್ಕೇ ತೆರಿಗೆ ಕೊಡುವ ದೇಶದಲ್ಲಿ ಅವನನ್ನು ತೆರಿಗೆದಾರನಲ್ಲ ಎನ್ನುವುದು ಹೇಗೆ? ಪೇಸ್ಲಿಪ್ಪಿನಲ್ಲಿ ಕಾಣುವುದು ಮಾತ್ರ ತೆರಿಗೆಯಲ್ಲ. ಮೈದುನ ಹೆಚ್ಚು ಕಟ್ಟುತ್ತಾರೆ, ನಿಜ. ಅವರು ದಿನಾ ಹೋಗಿಬರುವ ಹೆಬ್ಬಾಳದ ಫ್ಲೈಓವರ್, ವಿಮಾನ ನಿಲ್ದಾಣದ ಕಡೆಗೆ ಏಳುತ್ತಿರುವ ಮೆಟ್ರೊ ಕಂಬಗಳು, ಇವೂ ಎಲ್ಲರ ಹಣ. ಆ ಫ್ಲೈಓವರನ್ನು ನಿಮ್ಮ ಮಗ ವರ್ಷಕ್ಕೆ ಎಷ್ಟು ಸಲ ಬಳಸಿದ್ದಾನೆ, ಕೇಳಿ ನೋಡಿ.

ಈ ಮಾಸಾಶನ ಯಾವುದೋ ಪಕ್ಷ ಚುನಾವಣೆಗೆ ಮುಂಚೆ ಹಂಚಿದ್ದೂ ಅಲ್ಲ. ನಿರುದ್ಯೋಗ, ಮುಪ್ಪು, ಕಾಯಿಲೆ, ಅಂಗವೈಕಲ್ಯದಲ್ಲಿರುವವರಿಗೆ ಸಾರ್ವಜನಿಕ ನೆರವು ಸಿಗುವಂತೆ ಸರ್ಕಾರ ನೋಡಿಕೊಳ್ಳಬೇಕೆಂದು ಸಂವಿಧಾನದ 41ನೇ ವಿಧಿ ಹೇಳುತ್ತದೆ. ಆರ್ಥಿಕ ಸಾಮರ್ಥ್ಯದ ಮಿತಿಯಲ್ಲಿ ಎಂಬ ಮಾತೂ ಅಲ್ಲೇ ಇದೆ. ಹಣಕ್ಕೆ ಮಿತಿಯಿದೆ ಎನ್ನುವುದು ಬರೆದವರಿಗೆ ಗೊತ್ತಿತ್ತು. ಗೊತ್ತಿದ್ದೂ ಈ ಹೊಣೆಯನ್ನು ಬರೆದರು. 1995ರಲ್ಲಿ ಮೊದಲ ಅಂಗವಿಕಲರ ಕಾಯ್ದೆ ಬಂತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಒಳಗೆ ತಂದುಕೊಂಡಿತು. ಅದರ 24ನೇ ಕಲಮಿನಲ್ಲಿ ನಿಮಗೆ ಬೇಕಾದ ಮಾತೊಂದಿದೆ: ಅಂಗವಿಕಲರಿಗೆ ಕೊಡುವ ನೆರವು, ಅಂಥದೇ ಯೋಜನೆಯಲ್ಲಿ ಬೇರೆಯವರಿಗೆ ಕೊಡುವುದಕ್ಕಿಂತ ಕನಿಷ್ಠ ಶೇ 25ರಷ್ಟು ಹೆಚ್ಚಿರಬೇಕು.

ನಮ್ಮ ರಾಜ್ಯದ ಲೆಕ್ಕ ನೋಡಿ. 2021ರ ಜುಲೈನ ಘೋಷಣೆಯಲ್ಲಿ ಹಿರಿಯರ ಸಂಧ್ಯಾ ಸುರಕ್ಷಾ ಮಾಸಾಶನ 1,000ದಿಂದ 1,200ಕ್ಕೆ ಏರಿತು. ಅದೇ ಘೋಷಣೆಯಲ್ಲಿ ಶೇ 40ರಿಂದ 75ರಷ್ಟು ಅಂಗವೈಕಲ್ಯ ಇರುವವರದು 600ರಿಂದ 800 ಆಯಿತು. 1,200ಕ್ಕೆ ಶೇ 25 ಸೇರಿಸಿದರೆ 1,500. ಶೇ 75 ದಾಟಿದ ನಿಮ್ಮ ಮಗನಿಗೆ ಬರುವುದು 1,400. ಶೇ 60 ಇರುವ ಹುಡುಗನಿಗೆ ಅದೂ ಇಲ್ಲ, ದಿನಕ್ಕೆ 27 ರೂಪಾಯಿಯೂ ಬೀಳದ ಹಣ. ಶೇ 80 ಅಥವಾ ಹೆಚ್ಚು ಅಂಗವೈಕಲ್ಯ ಇರುವ ಬಡವರಿಗಾಗಿ ಕೇಂದ್ರ ಕೊಡುವ ಪಾಲು 2012ರಲ್ಲಿ 300 ರೂಪಾಯಿ ಆಗಿದ್ದು ಅಲ್ಲೇ ನಿಂತಿದೆ. ವರಮಾನದ ಮಿತಿ ಒಂದಿಷ್ಟು ದಾಟಿತು ಎಂದು ಇದೂ ಸಿಗದ ಮನೆಗಳು ಬೇಕಾದಷ್ಟಿವೆ. ಹೀಗಿರುವಾಗ ನಾನು ಕೇಳುವ ಪ್ರಶ್ನೆ ನಿಮ್ಮ ಮೈದುನ ಕೇಳಿದ್ದಲ್ಲ. ಇಷ್ಟು ಕಡಿಮೆ ಏಕೆ ಎನ್ನುವುದು ನನ್ನ ಪ್ರಶ್ನೆ.

ಮತ್ತೊಂದು ತೆರಿಗೆ ಇದೆ, ಅದಕ್ಕೆ ರಸೀದಿ ಕೊಡುವವರಿಲ್ಲ. 22 ವರ್ಷದಿಂದ ಮಗನನ್ನು ಎತ್ತಿ, ಸ್ನಾನ ಮಾಡಿಸಿ, ಶೌಚಕ್ಕೆ ಕೂರಿಸಿ, ಶಾಲೆಗೆ ಹೊತ್ತುಕೊಂಡು ಹೋಗಿ ಪಿಯುಸಿವರೆಗೆ ತಂದವರು ನೀವು. ಇದೇ ಕೆಲಸಕ್ಕೆ ಸರ್ಕಾರ ಸಂಬಳ ಕೊಟ್ಟು ಒಬ್ಬರನ್ನು ಇಡಬೇಕಾಗಿದ್ದರೆ ಎಷ್ಟಾಗುತ್ತಿತ್ತು? ಹೊರಗೆ ಕೆಲಸಕ್ಕೆ ಹೋಗಿದ್ದರೆ ನೀವು ದುಡಿಯಬಹುದಾಗಿದ್ದ ಹಣ ಎಷ್ಟು? ಸಮಾಜ ಹೊರಬೇಕಾದ ಭಾರದ ಬಹುಪಾಲು ನಿಮ್ಮ ಮಂಡಿಯ ಮೇಲೆ ಬಿದ್ದಿದೆ. 1,400 ರೂಪಾಯಿ ಅದರ ಒಂದು ಚೂರನ್ನು ಮಾತ್ರ ಹಂಚಿಕೊಳ್ಳುತ್ತಿದೆ.

ಮೈದುನನ ಸಿಟ್ಟನ್ನೂ ನಾನು ತಳ್ಳಿಹಾಕುವುದಿಲ್ಲ. ಸಂಬಳ ಕೈಗೆ ಬರುವ ಮುಂಚೆಯೇ ತೆರಿಗೆ ಕಡಿತವಾಗುತ್ತದೆ. ಬದಲಿಗೆ ಸಿಗುವುದು ಗುಂಡಿಬಿದ್ದ ರಸ್ತೆ, ಮಳೆ ಬಂದರೆ ಮುಳುಗುವ ಬಡಾವಣೆ, ಮಕ್ಕಳ ಶಾಲೆಗೆ ಮತ್ತೆ ಲಕ್ಷಗಟ್ಟಲೆ ಫೀಸು. ಆ ಸಿಟ್ಟು ನ್ಯಾಯವಾದದ್ದು, ಆದರೆ ಅದು ಹೋಗಿ ತಗುಲಿದ್ದು ಮನೆಯಲ್ಲಿ ಎದುರು ಮಾತಾಡದ ಹುಡುಗನಿಗೆ. ಸುಳ್ಳು ಸರ್ಟಿಫಿಕೇಟ್ ಮಾಡಿಸಿ ಸವಲತ್ತು ಹೊಡೆಯುವವರಿದ್ದಾರೆ ಎಂದೂ ಅವರು ಹೇಳಬಹುದು. ಇದ್ದಾರೆ. ಅಂಥವರಿಗೆ 2016ರ ಕಾಯ್ದೆಯ 91ನೇ ಕಲಮಿನಲ್ಲಿ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಇದೆ. ಹಿಡಿಯಬೇಕಾದ್ದು ಅವರನ್ನು. ಕಳ್ಳನಿಗಾಗಿ ಇಡೀ ಬೀದಿಯ ನಲ್ಲಿ ನೀರು ನಿಲ್ಲಿಸುವುದಕ್ಕಾಗುವುದಿಲ್ಲ.

ಅವರ ಜೊತೆ ಮಾತಾಡುವಾಗ ಒಂದು ವಾದ ಮಾತ್ರ ಬೇಡ. "ನಾಳೆ ನಿಮಗೂ ಆಕ್ಸಿಡೆಂಟ್ ಆಗಬಹುದು" ಎಂದು ಹೇಳಬೇಡಿ. ನಿಜವೇ ಆದರೂ ಅದು ಶಾಪದಂತೆ ಕೇಳಿಸುತ್ತದೆ. "ನನ್ನ ಮಗನೂ ಮುಂದೆ ದುಡಿದು ತೆರಿಗೆ ಕಟ್ಟುತ್ತಾನೆ" ಎಂಬ ಭರವಸೆಯನ್ನೂ ಕೊಡಬೇಡಿ. ಕಟ್ಟಬಹುದು, ಕಟ್ಟಿದರೆ ಸಂತೋಷ. ಆದರೆ ಎಂದೂ ದುಡಿಯಲಾಗದ ಮಕ್ಕಳಿದ್ದಾರೆ, ಹಾಸಿಗೆಯಿಂದ ಏಳಲಾಗದವರಿದ್ದಾರೆ. ವಾಪಸು ಕೊಡುವವರನ್ನು ಮಾತ್ರ ಸಾಕುತ್ತೇವೆ ಎಂದರೆ ಅದು ಸಾಲ ಆಯಿತು. ಸಾಲ ಕೊಡುವುದಕ್ಕೆ ಬ್ಯಾಂಕು ಸಾಕು, ಸರ್ಕಾರ ಯಾಕೆ ಬೇಕು?

ಊಟದ ಮನೆಯಲ್ಲಿ ಆದ ಮಾತಿಗೆ ಊಟದ ಮನೆಯಲ್ಲಿ ಉತ್ತರ ಕೊಡುವ ಅಗತ್ಯವೂ ಇಲ್ಲ. ಒಂದು ಭಾನುವಾರ ಅವರೊಬ್ಬರನ್ನೇ ಕೂರಿಸಿ, "ನೀವು ಆವತ್ತು ಅಂದದ್ದು ಮಗನಿಗೆ ತುಂಬಾ ನೋವಾಗಿದೆ" ಎಂದು ಹೇಳಿ. ಇಷ್ಟೇ ಸಾಕು. ಅವರು ಕೊಟ್ಟ ಆಸ್ಪತ್ರೆ ಹಣದ ಋಣ ನಿಮ್ಮ ಮೇಲಿದೆ, ಅದನ್ನು ನೆನೆಯಿರಿ; ಆ ಋಣಕ್ಕೆ ಮಗನ ಮಾನವನ್ನು ಬಡ್ಡಿಯಾಗಿ ಕೊಡಬೇಕಿಲ್ಲ. ಆಮೇಲೆ ಒಂದು ಕೆಲಸ ಒಪ್ಪಿಸಿ. ಯುಡಿಐಡಿ ನವೀಕರಣದ ಅರ್ಜಿ ಆನ್‌ಲೈನಿನಲ್ಲಿ ಹಾಕಬೇಕು, ಅದು ಅವರಿಗೆ ನೀರು ಕುಡಿದಷ್ಟು ಸುಲಭ. ಆಸ್ಪತ್ರೆಯ ದಿನ ಅವರ ಕಾರೂ ಬರಲಿ. ತಪಾಸಣೆ ಮಾಡುವ ವೈದ್ಯರಿಗೆ ಶಾಶ್ವತ ಪ್ರಮಾಣಪತ್ರವನ್ನೇ ಕೊಡಿ ಎಂದು ಕೇಳಿ. ಕಾಲಕ್ರಮದಲ್ಲಿ ಅಂಗವೈಕಲ್ಯದ ಪ್ರಮಾಣ ಬದಲಾಗುವ ಸಾಧ್ಯತೆ ಇಲ್ಲದಿದ್ದರೆ ಶಾಶ್ವತ ಪ್ರಮಾಣಪತ್ರ ಕೊಡಬೇಕೆಂದು ಆ ಕಾಯ್ದೆಯಡಿ ಬಂದ 2017ರ ನಿಯಮಗಳಲ್ಲೇ ಇದೆ. ಪದೇ ಪದೇ ಅವನನ್ನು ಹೊತ್ತುಕೊಂಡು ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ.

ಈಗ ಮಗನ ವಿಚಾರ. ತಮ್ಮ, ಇದು ನಿನಗೆ. ನೀನು ಅರ್ಜಿ ಬರೆದದ್ದು ನಿನ್ನ ಸ್ವಾಭಿಮಾನ ಜೀವಂತ ಇದೆ ಎನ್ನುವುದರ ಗುರುತು, ಅದನ್ನು ನಾನು ಗೌರವಿಸುತ್ತೇನೆ. ಪೆನ್ಷನ್ ನಿನ್ನ ಹೆಸರಿನದು, ನಿನಗೆ 22 ವರ್ಷ, ತೀರ್ಮಾನವೂ ನಿನ್ನದೇ. ಆದರೂ ಹೇಳುತ್ತೇನೆ, ಆ ಅರ್ಜಿ ಕೊಡಬೇಡ. ನಿನ್ನ ಕಾಲು ನಡೆಯುವುದಿಲ್ಲ ಎಂಬ ಕನಿಕರಕ್ಕೆ ಆ ಹಣ ಬರುತ್ತಿಲ್ಲ. ಬಸ್ಸಿಗೆ ಮೆಟ್ಟಿಲಿಟ್ಟವರು, ಫುಟ್‌ಪಾತಿನ ನಡುವೆ ಟ್ರಾನ್ಸ್‌ಫಾರ್ಮರ್ ನಿಲ್ಲಿಸಿದವರು, ಲಿಫ್ಟಿಲ್ಲದ ಕಟ್ಟಡದ ಮೇಲಿನ ಅಂತಸ್ತಿನಲ್ಲಿ ಕಾಲೇಜು ನಡೆಸಿದವರು ಎಲ್ಲ ಸೇರಿ ನಿನ್ನ ಖರ್ಚು ಹೆಚ್ಚಿಸಿದ್ದಾರೆ. ಬೇರೆ ಹುಡುಗರು ಬಸ್ಸಿನಲ್ಲಿ ಹೋಗುವ ಕಡೆ ನಿನಗೆ ಆಟೊ ಬೇಕು. 1,400 ರೂಪಾಯಿ ಆ ಆಟೊ ಬಾಡಿಗೆಗೂ ಸಾಲದು. ತೆಗೆದುಕೊಳ್ಳುವುದರಲ್ಲಿ ತಲೆ ತಗ್ಗಿಸುವಂಥದ್ದು ಏನೂ ಇಲ್ಲ.

ಬರೆಯುವ ಕೈ ನಿನಗಿದೆ. ಹಾಗಾದರೆ ಇನ್ನೊಂದು ಅರ್ಜಿ ಬರೆ, ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿಗೆ. ಸಂಧ್ಯಾ ಸುರಕ್ಷಾ 1,200 ಇರುವಾಗ 2016ರ ಕಾಯ್ದೆಯ 24ನೇ ಕಲಮಿನಂತೆ ನಮ್ಮ ಮಾಸಾಶನ ಎಷ್ಟಿರಬೇಕು ಎಂದು ಕೇಳು. ದೂರುಗಳನ್ನು ವಿಚಾರಿಸಿ ಸರ್ಕಾರಕ್ಕೆ ಶಿಫಾರಸು ಮಾಡುವ ಅಧಿಕಾರ ಆ ಕಚೇರಿಗಿದೆ. ನಾಳೆಯೇ ಹಣ ಏರುತ್ತದೆ ಎಂದು ನಾನು ಹೇಳುತ್ತಿಲ್ಲ. ಕೇಳುವವರಿಲ್ಲದೆ ಮಾತ್ರ ಎಂದೂ ಏರುವುದಿಲ್ಲ.

ಕೆಲಸದ ಆಸೆ ಇದ್ದರೆ ದಾರಿಗಳಿವೆ. ಹೆಣ್ಣೂರು ರಸ್ತೆ ಕಡೆಯ ಲಿಂಗರಾಜಪುರದಲ್ಲಿ ಎಪಿಡಿ ಎಂಬ ಸಂಸ್ಥೆ ಇದೆ. ಸ್ವತಃ ಅಂಗವೈಕಲ್ಯವಿದ್ದ ಎನ್.ಎಸ್. ಹೇಮಾ ಅವರು 1959ರಲ್ಲಿ, ಈ ಕಾಯ್ದೆಗಳು ಯಾವುವೂ ಇಲ್ಲದ ಕಾಲದಲ್ಲಿ ಕಟ್ಟಿದ್ದು. ಎನೇಬಲ್ ಇಂಡಿಯಾ, ಸಮರ್ಥನಂ ಸಂಸ್ಥೆಗಳೂ ಬೆಂಗಳೂರಿನಲ್ಲಿ ಕಂಪ್ಯೂಟರ್ ತರಬೇತಿ, ಉದ್ಯೋಗದ ಸಹಾಯ ಮಾಡುತ್ತಾ ಬಂದಿವೆ. ಮೊದಲು ಫೋನ್ ಮಾಡಿ, ಮನೆಯಿಂದಲೇ ಕಲಿಯುವುದು ಏನಿದೆ ಎಂದು ವಿಚಾರಿಸು. ಸರ್ಕಾರಿ ನೇಮಕಾತಿಯಲ್ಲಿ ಅಂಗವಿಕಲರಿಗೆ ಕನಿಷ್ಠ ಶೇ 4 ಮೀಸಲಿದೆ, ಸೆರೆಬ್ರಲ್ ಪಾಲ್ಸಿ ಅದರಲ್ಲಿ ಸೇರಿದೆ. ಅದಕ್ಕೂ ಚಾಲ್ತಿಯಲ್ಲಿರುವ ಪ್ರಮಾಣಪತ್ರ ಬೇಕು, ಆಸ್ಪತ್ರೆಗೆ ಹೋಗುವುದಕ್ಕೆ ಇದೊಂದೇ ಕಾರಣ ಸಾಕು.

ಕೊನೆಯಲ್ಲಿ, ತಂಗಿ, ನಿಮ್ಮ ನಿದ್ದೆ ಕೆಡಿಸಿರುವ ಪ್ರಶ್ನೆ. ನಿಮ್ಮ ನಂತರ ಏನು ಎನ್ನುವುದಕ್ಕೆ ನಮ್ಮ ರಾಜ್ಯದಲ್ಲಿ ಇನ್ನೂ ತೃಪ್ತಿಕರ ಉತ್ತರ ಇಲ್ಲ. ಇದೆ ಎಂದು ನಿಮ್ಮನ್ನು ನಂಬಿಸಲಾರೆ. ತೆರಿಗೆಯ ಹಣ ಹೋಗಬೇಕಾದ ದೊಡ್ಡ ಜಾಗವೇ ಅದು. ಈಗ ಆಗುವ ಕೆಲಸಗಳನ್ನು ಹೇಳುತ್ತೇನೆ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್ ನಡೆಸುವ ನಿರಾಮಯ ವಿಮೆಯಲ್ಲಿ ಸೆರೆಬ್ರಲ್ ಪಾಲ್ಸಿ ಇರುವವರಿಗೆ ಒಂದು ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ, ಅದಕ್ಕೆ ಹೆಸರು ಬರೆಸಿ. ನಿಮ್ಮ ಮಗನ ಬುದ್ಧಿ ಚುರುಕಾಗಿರುವುದರಿಂದ ಅವನಿಗೆ ಕಾನೂನಿನ ಪೋಷಕರು ಬೇಕಿಲ್ಲ. ಯಾರಾದರೂ ಒತ್ತಾಯಿಸಿದರೂ ಮಾಡಿಸಬೇಡಿ, ಅವನ ಸಹಿ ಅವನ ಕೈಯಲ್ಲೇ ಇರಲಿ. ಬ್ಯಾಂಕ್ ಪಾಸ್‌ಬುಕ್ಕು, ಎಟಿಎಂ ಕಾರ್ಡು ಇಂದಿನಿಂದಲೇ ಅವನೇ ನೋಡಿಕೊಳ್ಳಲಿ. ಎತ್ತಿ ಇಳಿಸುವ ಕೆಲಸಕ್ಕೆ ದಿನಕ್ಕೆ ಒಂದು ಗಂಟೆ ಬರುವ ಒಬ್ಬ ಹುಡುಗನನ್ನು ಹುಡುಕಿ, ಅವನ ಸಂಬಳಕ್ಕೆ ಮೈದುನನ ಸಹಾಯ ಕೇಳಿದರೂ ತಪ್ಪಿಲ್ಲ. ನಿಮ್ಮ ಮಂಡಿಯನ್ನು ಈ ವಾರವೇ ಡಾಕ್ಟರಿಗೆ ತೋರಿಸಿ.