ಸ್ಫಟಿಕ

ಗೋರಂಟ್ಲದ ಸುತ್ತಿನ ಹೊಲಗಳ ಬದುವಿನಲ್ಲಿ ಬೆಳ್ಳಗೆ ಹೊಳೆಯುವ ಬೆಣಚುಕಲ್ಲನ್ನು ನಾವೆಲ್ಲರೂ ನೋಡಿದ್ದೇವೆ. ಜಪಮಾಲೆಯ ಸ್ಫಟಿಕವೂ ಅದೇ ವಸ್ತು. ಸಿಲಿಕಾನ್ ಮತ್ತು ಆಮ್ಲಜನಕಗಳ ಸಂಯುಕ್ತ. ಒಳಗೆ ಸಿಕ್ಕಿದ ಸೂಕ್ಷ್ಮ ಗುಳ್ಳೆಗಳಿಂದ ಬೆಣಚು ಬೆಳ್ಳಗಿದೆ. ಕಲ್ಮಷವಿಲ್ಲದೆ ನಿಧಾನವಾಗಿ ಬೆಳೆದದ್ದು ತಿಳಿನೀರಿನಂತಹ, ಆರು ಮುಖದ ಹರಳಾಗುತ್ತದೆ.

ಹೆಸರಿನಲ್ಲಿ ಎಚ್ಚರವಿರಲಿ. ಅಂಗಡಿಯ ‘ಪಟಿಕ’ ಬೇರೆ; ಅದು ನೀರಿನಲ್ಲಿ ಕರಗುವ, ನೀರನ್ನು ತಿಳಿಗೊಳಿಸುವ ಲವಣ. ಸ್ಫಟಿಕ ನೀರಿನಲ್ಲಿಟ್ಟರೆ ಹಾಗೆಯೇ ಇರುತ್ತದೆ. ಗಾಜನ್ನೂ ಸ್ಫಟಿಕವೆಂದು ಮಾರುವವರುಂಟು. ಮಣಿಯೊಳಗೆ ದುಂಡನೆಯ ಗಾಳಿಗುಳ್ಳೆ ಕಂಡರೆ ಗಾಜೆಂದು ಸಂಶಯಪಡಬೇಕು. ಸ್ಫಟಿಕದ ಗಡಸುತನ 7. ಅದು ಗಾಜನ್ನು ಗೀರುತ್ತದೆ.

1880ರಲ್ಲಿ ಕ್ಯೂರಿ ಸಹೋದರರು ಇದನ್ನು ಒತ್ತಿದರೆ ವಿದ್ಯುತ್ತು ಹುಟ್ಟುವುದೆಂದು ಕಂಡುಹಿಡಿದರು. ಇಂದಿನ ಕೈಗಡಿಯಾರದಲ್ಲಿ ಇದರ ಪುಟ್ಟ ತುಣುಕು ಸೆಕೆಂಡಿಗೆ 32,768 ಬಾರಿ ಕಂಪಿಸಿ ಕಾಲವನ್ನು ಅಳೆಯುತ್ತದೆ.

ಮನೆಯ ಸ್ಫಟಿಕವನ್ನು ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ತೊಳೆದು ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ಬಿಸಿಯಿಂದ ಒಮ್ಮೆಲೇ ತಣ್ಣೀರಿಗೆ ಹಾಕಿದರೆ ಬಿರುಕು ಬಿಟ್ಟೀತು. ಮುತ್ತು, ಹವಳಗಳೊಡನೆ ಇಡಬಾರದು. ಅವುಗಳಿಗೆ ಗೀರು ಬೀಳುತ್ತದೆ. ಬೆಣಚನ್ನು ಕುಟ್ಟಿ ಆಡಬೇಡಿ. ಅದರ ಧೂಳು ಶ್ವಾಸಕೋಶಕ್ಕೆ ಕೆಡುಕು.

ಸ್ಫಟಿಕ ಧರಿಸಿದರೆ ಜ್ವರ ಇಳಿಯುತ್ತದೆ ಎನ್ನುವವರಿದ್ದಾರೆ. ಇದಕ್ಕೆ ಆಧಾರವಿಲ್ಲ. ಪೂಜೆಗೆ ಇಟ್ಟುಕೊಳ್ಳುವುದು ಶ್ರದ್ಧೆಯ ವಿಷಯ. ಆದರೆ ಮೈ ಸುಡುವ ಮಗುವಿಗೆ ಮಣಿ ಕಟ್ಟಿ ಕಾಯುತ್ತ ಕೂರದೆ ವೈದ್ಯರ ಬಳಿಗೆ ಕರೆದೊಯ್ಯಬೇಕೆಂದು ಪೋಷಕರಲ್ಲಿ ನಮ್ಮ ವಿನಂತಿ.

12ನೆಯ ಶತಮಾನದಲ್ಲಿ ಬಸವಣ್ಣನವರು ಒಳ್ಳೆಯ ಮಾತನ್ನು ಸ್ಫಟಿಕಕ್ಕೆ ಹೋಲಿಸಿದರು. ವಿದ್ಯಾರ್ಥಿಗಳೇ, ನಮ್ಮ ಮಾತು ಮಾತ್ರವಲ್ಲ, ನಮ್ಮ ತಿಳಿವಳಿಕೆಯೂ ಹಾಗೆ ನಿರ್ಮಲವಾಗಿರಲಿ.