ಕೋಲು ಹಿಡಿದು ಪಾರ್ಕಿಗೆ ಹೋದ ಅಕ್ಕ

ಓದುವ ಮುನ್ನ

ಕಾಲು ಮುರಿದವರನ್ನು ನೀವು ನೋಡಿದ್ದೀರಿ. ನಿಮ್ಮ ಮನೆಯಲ್ಲೇ ಯಾರಿಗಾದರೂ ಹಾಗೆ ಆಗಿರಬಹುದು. ಮೂಳೆ ಕೂಡಿದ ಮೇಲೂ ಎಷ್ಟೋ ಜನ ಮನೆ ಬಿಟ್ಟು ಹೊರಗೆ ಬರುವುದಿಲ್ಲ. ಮತ್ತೆ ಬೀಳುತ್ತೇನೆ ಎಂಬ ಹೆದರಿಕೆ. ಜನ ನೋಡುತ್ತಾರೆ ಎಂಬ ನಾಚಿಕೆ. ಇನ್ನು ಕೆಲವರು ನೋವು ಕಡಿಮೆ ಆದ ಕೂಡಲೇ ಓಡಾಡಿ, ಭಾರ ಹೊತ್ತು, ಮತ್ತೆ ಏಟು ಮಾಡಿಕೊಳ್ಳುತ್ತಾರೆ. ಎರಡೂ ಬೇಡ. ಹೊರಗೆ ಹೋಗಬೇಕು, ಆದರೆ ತಿಳಿದು ಹೋಗಬೇಕು. ಹೇಗೆ? ಈ ಪಾಠ ಓದಿ.

1. ಅಕ್ಕ ಬಿದ್ದದ್ದು

ಹೊಸೂರು ಕಡೆಯ ಒಂದು ಹಳ್ಳಿ. ಊರ ಸುತ್ತ ರೋಜಾ ತೋಟಗಳು. ನಮ್ಮ ಕತೆಯ ಅಕ್ಕ ಅಲ್ಲಿ ಹೂ ಬಿಡಿಸುವ ಕೆಲಸ ಮಾಡುತ್ತಾಳೆ. ವಯಸ್ಸು ನಲವತ್ತೆಂಟು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತಮಿಳು, ತೋಟದಲ್ಲಿ ತೆಲುಗು. ಮೂರೂ ಮಾತಾಡುತ್ತಾಳೆ. ಓದಲು ಮಾತ್ರ ಯಾವುದೂ ಬರುತ್ತಿರಲಿಲ್ಲ.

ಆಗಸ್ಟ್ ತಿಂಗಳು. ಮಳೆ ಬಂದು ನಿಂತಿತ್ತು. ಹೂವಿನ ಬುಟ್ಟಿ ಹೊತ್ತು ಬದುವಿನ ಮೇಲೆ ಬರುವಾಗ ಅಕ್ಕ ಜಾರಿ ಬಿದ್ದಳು. ಬಲಗಾಲಿನ ಮೊಣಕಾಲಿನ ಕೆಳಗಿನ ದೊಡ್ಡ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು ಪ್ಲಾಸ್ಟರ್ ಹಾಕಿದರು. ಹನ್ನೆರಡು ವಾರ ಪ್ಲಾಸ್ಟರ್ ಇತ್ತು.

ಕೆಲಸಕ್ಕೆ ಹೋಗುವ ಹಾಗಿಲ್ಲ. ಕಲಿಕಾ ಕೇಂದ್ರಕ್ಕೆ ಬರುವ ಹಾಗೂ ಇಲ್ಲ. ಆಗ ಪ್ರೇರಕಿಯೇ ಪುಸ್ತಕ ಹಿಡಿದು ಅಕ್ಕನ ಮನೆಗೆ ಹೋದಳು. ಕಾಲು ದಿಂಬಿನ ಮೇಲೆ, ಸ್ಲೇಟು ತೊಡೆಯ ಮೇಲೆ. ಒತ್ತಕ್ಷರಗಳು ಅಕ್ಕನಿಗೆ ತುಂಬಾ ಕಷ್ಟ ಕೊಟ್ಟವು. ಆದರೂ ಪ್ಲಾಸ್ಟರ್ ಬಿಚ್ಚುವ ಹೊತ್ತಿಗೆ ಅಕ್ಕ ಎರಡನೇ ಪುಸ್ತಕ ಮುಗಿಸಿದ್ದಳು.

2. ಮೂಳೆ ಹೇಗೆ ಕೂಡುತ್ತದೆ?

ಮೂಳೆ ಮುರಿದಾಗ ಆ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಎರಡು ಮೂರು ವಾರದಲ್ಲಿ ಅಲ್ಲಿ ಮೆತ್ತನೆಯ ಬೆಸುಗೆ ಬೆಳೆಯುತ್ತದೆ. ಆಮೇಲೆ ಅದರಲ್ಲಿ ಸುಣ್ಣದ ಅಂಶ ಸೇರಿ ನಿಧಾನವಾಗಿ ಗಟ್ಟಿ ಆಗುತ್ತದೆ. ದೊಡ್ಡವರಿಗೆ ಮೊಣಕಾಲಿನ ಕೆಳಗಿನ ದೊಡ್ಡ ಮೂಳೆ ಕೂಡಲು ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳು ಬೇಕು. ಕೆಲವರಿಗೆ ಇನ್ನೂ ಹೆಚ್ಚು. ಮಕ್ಕಳಿಗೆ ಬೇಗ ಕೂಡುತ್ತದೆ. ಬೀಡಿ, ಸಿಗರೇಟು ಸೇದುವವರಿಗೆ ಮತ್ತು ಸಕ್ಕರೆ ಕಾಯಿಲೆ ಇರುವವರಿಗೆ ತಡವಾಗುತ್ತದೆ.

ಒಂದು ಮಾತು ನೆನಪಿಡಿ. ಮೂಳೆ ಕೂಡಿತು ಅಂದರೆ ಕಾಲು ಗಟ್ಟಿ ಆಯಿತು ಅಂತಲ್ಲ. ಪ್ಲಾಸ್ಟರ್ ಒಳಗೆ ಕಾಲು ಆಡದೆ ಇರುತ್ತದೆ. ಆಡದ ಮಾಂಸಖಂಡ ಸೊರಗುತ್ತದೆ. ಪ್ಲಾಸ್ಟರ್ ಬಿಚ್ಚಿದಾಗ ಅಕ್ಕನ ಬಲತೊಡೆ ಎಡತೊಡೆಗಿಂತ ಸಣ್ಣ ಆಗಿತ್ತು. ಮೊಣಕಾಲು ಮಡಚಲು ಆಗುತ್ತಿರಲಿಲ್ಲ. ನಿಂತರೆ ನಡುಕ. ಇದಕ್ಕೆ ಮದ್ದು ವ್ಯಾಯಾಮ. ಆಸ್ಪತ್ರೆಯಲ್ಲಿ ಹೇಳಿಕೊಟ್ಟ ಹಾಗೆ ದಿನಾ ಮಾಡಬೇಕು.

ಊಟವೂ ಮುಖ್ಯ. ನಮ್ಮ ರಾಗಿಯಲ್ಲಿ ಸುಣ್ಣದ ಅಂಶ ಚೆನ್ನಾಗಿದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಇರುತ್ತದೆ. ಹಾಲು, ಮೊಸರು, ಸೊಪ್ಪು, ಬೇಳೆ, ಮೊಟ್ಟೆ ತಿನ್ನಿ. ದಿನಾ ಸ್ವಲ್ಪ ಹೊತ್ತು ಬಿಸಿಲಿಗೆ ಕೂರಿ.

ನಮ್ಮ ಕಡೆ ಆಂಧ್ರದ ಪುತ್ತೂರು ಕಟ್ಟಿಗೆ ಹೋಗುವವರು ಇದ್ದಾರೆ. ಎಲ್ಲಿ ಕಟ್ಟು ಹಾಕಿಸಿದರೂ ಎಕ್ಸ್‌ರೇ ತೆಗೆಸಿ, ಡಾಕ್ಟರಿಗೆ ತೋರಿಸಿ. ಗಾಯ ಆಗಿ ಮೂಳೆ ಹೊರಗೆ ಕಂಡರೆ ನೇರ ಆಸ್ಪತ್ರೆಗೇ ಹೋಗಿ. ಕಟ್ಟು ಬಿಗಿಯಾಗಿ ಬೆರಳು ನೀಲಿ ಆದರೆ, ತಣ್ಣಗಾದರೆ, ಮರಗಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ. ಆಗಲೇ ಹೋಗಿ.

3. "ನಾನ್ ಬರಾಕಿಲ್ಲ"

ಜನವರಿಯಲ್ಲಿ ಮಹಿಳಾ ಸಂಘದವರು ಪ್ರವಾಸ ಹೊರಟರು. ಎಲ್ಲಿಗೆ? ಬಿಡದಿಯ ವಂಡರ್‌ಲಾ ಪಾರ್ಕಿಗೆ. ಸಂಘದ ಅಧ್ಯಕ್ಷೆ ಅಕ್ಕನ ಮನೆಗೆ ಬಂದಳು.

"ಅಕ್ಕಾ, ನಿನ್ ಹೆಸ್ರೂ ಬರ್ಕೊಂಡಿದೀನಿ."

"ನಾನ್ ಬರಾಕಿಲ್ಲ ಕಣಮ್ಮ. ಕುಂಟ್ಕೊಂಡು ಬಂದ್ರೆ ನಿಮ್ಗೆಲ್ಲಾ ತೊಂದ್ರೆ. ನೋಡಿದೋರು ಏನಂತಾರೆ?"

"ಏನಂತಾರಕ್ಕ? ಕಾಲ್ ಮುರಿದಿತ್ತು, ಈಗ ಕೂಡ್ತು ಅಂತಾರೆ. ಐದು ತಿಂಗ್ಳಾಯ್ತು, ನೀನು ಆಸ್ಪತ್ರೆ ಬಿಟ್ಟು ಇನ್ನೆಲ್ಲಿಗೂ ಹೋಗಿಲ್ಲ. ಡಾಕ್ಟ್ರನ್ನ ಕೇಳಾಣ. ಅವ್ರು ಬೇಡ ಅಂದ್ರೆ ಬೇಡ."

ಇಬ್ಬರೂ ಆಸ್ಪತ್ರೆಗೆ ಹೋದರು. ಡಾಕ್ಟರು ಹೊಸ ಎಕ್ಸ್‌ರೇ ನೋಡಿದರು. ಮೂಳೆ ಕೂಡಿದೆ, ಹೋಗಬಹುದು ಎಂದರು. ಆದರೆ ಕೋಲು ಬಿಡಬಾರದು. ಓಡಬಾರದು, ಹಾರಬಾರದು. ನೀರಿನ ಆಟ ಬೇಡ. ಜೋರಾಗಿ ತಿರುಗುವ ಆಟ ಬೇಡ. ಅರ್ಧ ಗಂಟೆಗೊಮ್ಮೆ ಕೂರಬೇಕು.

"ಏನೂ ಆಡೋ ಹಂಗಿಲ್ಲ. ಇನ್ಯಾಕೆ ಹೋಗ್ಬೇಕು?" ಅಂದಳು ಅಕ್ಕ.

"ಜಾತ್ರೆಗೆ ಹೋದೋರೆಲ್ಲಾ ತೇರು ಎಳೀತಾರಾ? ನೋಡಾಕೆ ಹೋಗಲ್ವಾ?" ಅಂದಳು ಅಧ್ಯಕ್ಷೆ.

ಅಕ್ಕ ನಕ್ಕಳು. ಒಪ್ಪಿದಳು.

4. ಪಾರ್ಕಿನಲ್ಲಿ

ವಂಡರ್‌ಲಾ ಇರುವುದು ಬೆಂಗಳೂರು-ಮೈಸೂರು ರಸ್ತೆಯ ಬಿಡದಿ ಹತ್ತಿರ. 2005ರಲ್ಲಿ ಶುರುವಾಯಿತು. ಇದನ್ನು ಕಟ್ಟಿದವರು ಕೇರಳದ ಉದ್ಯಮಿ ಕೊಚೌಸೆಪ್ ಚಿಟ್ಟಿಲಪ್ಪಿಳ್ಳಿ. ಅವರ ಮೊದಲ ಪಾರ್ಕು 2000ರಲ್ಲಿ ಕೊಚ್ಚಿಯಲ್ಲಿ ಆಯಿತು. ಬಿಡದಿಯ ಪಾರ್ಕು ಸುಮಾರು 82 ಎಕರೆ ಇದೆ. ನೀರಿನ ಆಟಗಳು ಒಂದು ಕಡೆ, ಒಣ ಆಟಗಳು ಇನ್ನೊಂದು ಕಡೆ. 82 ಎಕರೆ ಅಂದರೆ ಕೋಲು ಹಿಡಿದವರಿಗೆ ದೊಡ್ಡ ನಡಿಗೆ.

ಬಸ್ಸು ಬೆಳಿಗ್ಗೆ ಬೇಗ ಹೊರಟಿತು. ಎಲೆಕ್ಟ್ರಾನಿಕ್ ಸಿಟಿ ದಾಟಿ, ನೈಸ್ ರಸ್ತೆ ಹಿಡಿದು, ಮೈಸೂರು ರಸ್ತೆ ಸೇರಿತು. ಅಕ್ಕನಿಗೆ ಮುಂದಿನ ಸೀಟು ಕೊಟ್ಟಿದ್ದರು. ಬಿಡದಿಯಲ್ಲಿ ಇಳಿದು ಎಲ್ಲರೂ ತಟ್ಟೆ ಇಡ್ಲಿ ತಿಂದರು. ಅಕ್ಕ ಊಟದ ಮೇಲಿನ ಮಾತ್ರೆಯನ್ನೂ ಅಲ್ಲೇ ನುಂಗಿದಳು.

ಪಾರ್ಕಿನವರಿಗೆ ಅಧ್ಯಕ್ಷೆ ಮುಂಚೆಯೇ ಫೋನ್ ಮಾಡಿ ಗಾಲಿಕುರ್ಚಿ ಕೇಳಿದ್ದಳು. ಕುರ್ಚಿ ಬಂತು. ಅಕ್ಕ ಕೂರಲಿಲ್ಲ.

"ನಾನೇನು ಕುಂಟಿ ಆಗ್ಬಿಟ್ನಾ?" ಅಂದಳು.

ಸ್ವಲ್ಪ ದೂರ ನಡೆದಳು. ಕಾಲು ಊದಲು ಶುರುವಾಯಿತು. ಮಗಳು ಏನೂ ಹೇಳದೆ ಕುರ್ಚಿಯನ್ನು ಹಿಂದೆಯೇ ತಳ್ಳಿಕೊಂಡು ಬರುತ್ತಿದ್ದಳು. ಆಮೇಲೆ ಅಕ್ಕನೇ ಕೂತಳು. ಬೇಕಾದ ಕಡೆ ಎದ್ದು ನಡೆದಳು, ಸುಸ್ತಾದಾಗ ಕೂತಳು. ಗಾಲಿಕುರ್ಚಿ ಇದ್ದದ್ದರಿಂದ ಪಾರ್ಕು ಪೂರ್ತಿ ನೋಡಿದಳು. ಇಲ್ಲದಿದ್ದರೆ ಗೇಟಿನ ಹತ್ತಿರದ ಬೆಂಚಿನಲ್ಲೇ ದಿನ ಕಳೆಯಬೇಕಿತ್ತು.

5. ಬೋರ್ಡಿನಲ್ಲಿ ಏನಿದೆ?

ಒಂದು ಕಡೆ ರೋಲರ್ ಕೋಸ್ಟರ್ ಇತ್ತು. ಅಂದರೆ ಕಂಬಿಯ ಮೇಲೆ ಜೋರಾಗಿ ಏರಿ, ಇಳಿದು, ತಲೆಕೆಳಗಾಗಿ ಓಡುವ ಬಂಡಿ. ಸಂಘದವರು ಕೂಗಾಡುತ್ತಾ ಸಾಲಿನಲ್ಲಿ ನಿಂತರು. ಅಕ್ಕ ಪಕ್ಕದಲ್ಲೇ ಕುರ್ಚಿಯಲ್ಲಿ ಇದ್ದಳು. ಎದುರಿಗೆ ಒಂದು ಬೋರ್ಡು. ನಮ್ಮೂರಿನ ಬೋರ್ಡುಗಳು ತಮಿಳಿನಲ್ಲಿ ಇರುತ್ತವೆ. ಇದು ಕನ್ನಡದಲ್ಲಿತ್ತು. ಅಕ್ಕ ಬೆರಳು ತೋರಿಸಿ ಒಂದೊಂದೇ ಅಕ್ಷರ ಕೂಡಿಸಿ ಜೋರಾಗಿ ಓದಿದಳು.

"ಹೃ-ದ-ಯ ರೋಗ ಇರುವವರು... ಬೆನ್ನು ನೋವು ಇರುವವರು... ಶಸ್-ತ್ರ-ಚಿ-ಕಿತ್-ಸೆ ಆದವರು... ಗರ್-ಭಿ-ಣಿ-ಯರು... ಈ ಆಟ ಆಡಬಾರದು."

ಸಾಲಿನಲ್ಲಿ ಒಬ್ಬ ಹುಡುಗಿ ತಿರುಗಿ ನೋಡಿದಳು. ಹೋದ ವರ್ಷ ಊರಿಗೆ ಸೊಸೆಯಾಗಿ ಬಂದವಳು. ಅವಳು ತಮಿಳು ಶಾಲೆಯಲ್ಲಿ ಓದಿದವಳು, ಕನ್ನಡ ಅಕ್ಷರ ಬಾರದು.

"ಅಕ್ಕಾ, ಕೊನೇದು ಇನ್ನೊಂದ್ಸಲ ಓದು."

"ಗರ್ಭಿಣಿಯರು. ಬಸುರಿ ಹೆಂಗಸರು."

ಹುಡುಗಿ ಸಾಲು ಬಿಟ್ಟು ಬಂದು ಅಕ್ಕನ ಪಕ್ಕ ಕೂತಳು. ತಲೆ ತಗ್ಗಿಸಿದಳು. ಅಕ್ಕ ಏನೂ ಕೇಳಲಿಲ್ಲ. ಮಗಳನ್ನು ಕಳಿಸಿ ಎರಡು ಎಳನೀರು ತರಿಸಿದಳು. ಇಬ್ಬರೂ ಕುಡಿದರು. ಉಳಿದವರು ಬಂಡಿಯಲ್ಲಿ ಕಿರುಚುತ್ತಿದ್ದರು. ಇವರು ಕೆಳಗೆ ಕೂತು ನಕ್ಕರು.

6. ಆ ಆಟ ಯಾಕೆ ಬೇಡ?

ಬಂಡಿ ಜೋರಾಗಿ ತಿರುಗಿದಾಗ ನಮ್ಮ ಮೈಭಾರ ಹೆಚ್ಚಾದ ಹಾಗೆ ಆಗುತ್ತದೆ. ಥಟ್ಟನೆ ನಿಂತಾಗ ಮೈ ಮುಂದಕ್ಕೆ ಹೋಗುತ್ತದೆ. ಆಗ ನಾವು ಕಾಲು ಒತ್ತಿ ಹಿಡಿಯುತ್ತೇವೆ. ಸೊರಗಿದ ಕಾಲಿಗೆ ಆ ಶಕ್ತಿ ಇರುವುದಿಲ್ಲ. ಇನ್ನೊಂದು ಕಾರಣ ಇದೆ. ಆಟ ಮೇಲೆ ಇರುವಾಗ ನಡುವೆ ನಿಂತುಬಿಟ್ಟರೆ ಮೆಟ್ಟಿಲು ಇಳಿದು ಬರಬೇಕಾಗಬಹುದು. ಕೋಲು ಹಿಡಿದವರಿಗೆ ಅದು ಕಷ್ಟ.

ನೀರಿನ ಆಟದ ಕಡೆ ನೆಲ ಒದ್ದೆ ಇರುತ್ತದೆ, ಜಾರುತ್ತದೆ. ಅಲೆ ಏಳುವ ಕೊಳದಲ್ಲಿ ನೀರು ಕಾಲನ್ನು ತಳ್ಳುತ್ತದೆ. ಪ್ಲಾಸ್ಟರ್ ಇನ್ನೂ ಇದ್ದವರು ನೀರಿನ ಹತ್ತಿರ ಹೋಗಲೇಬಾರದು. ಪ್ಲಾಸ್ಟರ್ ನೆನೆದರೆ ಮೆತ್ತಗಾಗುತ್ತದೆ, ಒಳಗೆ ಚರ್ಮ ಹುಣ್ಣಾಗುತ್ತದೆ.

ನೆನಪಿಡಿ

• ಡಾಕ್ಟರನ್ನು ಕೇಳಿಯೇ ಹೊರಡಿ. ಚೀಟಿ, ಮಾತ್ರೆ ಜೊತೆಗೆ ಇರಲಿ.
• ಪಾರ್ಕಿಗೆ ಮೊದಲೇ ಫೋನ್ ಮಾಡಿ. ಗಾಲಿಕುರ್ಚಿ ಇದೆಯೇ, ಇಳಿಜಾರು ದಾರಿ ಇದೆಯೇ ಎಂದು ಕೇಳಿ.
• ಭಾನುವಾರ ಮತ್ತು ರಜೆಯ ದಿನ ನೂಕುನುಗ್ಗಲು ಹೆಚ್ಚು. ಬೇರೆ ದಿನ ಹೋಗಿ.
• ಹಿಂದೆ ಪಟ್ಟಿ ಇರುವ, ಜಾರದ ಚಪ್ಪಲಿ ಹಾಕಿ. ಹವಾಯಿ ಚಪ್ಪಲಿ ಬೇಡ.
• ಕೋಲನ್ನು ಏಟಾದ ಕಾಲಿನ ಎದುರು ಕೈಯಲ್ಲಿ ಹಿಡಿಯಿರಿ. ಬಲಗಾಲಿಗೆ ಏಟಾದರೆ ಕೋಲು ಎಡಗೈಯಲ್ಲಿ. ಕೋಲಿನ ತುದಿಗೆ ರಬ್ಬರ್ ಇರಲಿ.
• ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು. ಇಳಿಯುವಾಗ ಕೋಲು ಮತ್ತು ನೋವಿನ ಕಾಲು ಮೊದಲು.
• ಬಸ್ಸಿನಲ್ಲಿ ಆಗಾಗ ಪಾದ ಮೇಲೆ ಕೆಳಗೆ ಆಡಿಸಿ. ಕೂತಾಗ ಕಾಲು ಎತ್ತರದಲ್ಲಿ ಇಡಿ.
• ಮೀನಖಂಡ ಊದಿ ನೋವಾದರೆ ಅಥವಾ ಉಸಿರು ಕಟ್ಟಿದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅದು ಜೀವಕ್ಕೆ ಅಪಾಯ.
• ಜೊತೆಗೆ ಇರುವವರು "ಬೇಗ ಬಾ" ಅನ್ನಬೇಡಿ. "ಕೂತ್ಕೊಳ್ಳಣ" ಅನ್ನಿ.

ಪದಗಳ ಅರ್ಥ

ಬೆಸುಗೆ – ಎರಡು ತುಂಡು ಸೇರಿಸುವುದು
ಮಾಂಸಖಂಡ – ಮೂಳೆಯ ಮೇಲಿನ ಮಾಂಸ. ಕೈಕಾಲು ಆಡಿಸುವ ಭಾಗ
ಮೀನಖಂಡ – ಮೊಣಕಾಲಿನ ಕೆಳಗೆ, ಹಿಂಭಾಗದ ಮಾಂಸ
ಶಸ್ತ್ರಚಿಕಿತ್ಸೆ – ಆಪರೇಷನ್
ಗಾಲಿಕುರ್ಚಿ – ಚಕ್ರ ಇರುವ ಕುರ್ಚಿ

ಅಭ್ಯಾಸ

ಅ. ಉತ್ತರ ಹೇಳಿ.
1. ಅಕ್ಕನ ಯಾವ ಕಾಲು ಮುರಿಯಿತು? ಕೋಲನ್ನು ಅವಳು ಯಾವ ಕೈಯಲ್ಲಿ ಹಿಡಿಯಬೇಕು?
2. ಪ್ಲಾಸ್ಟರ್ ಬಿಚ್ಚಿದಾಗ ತೊಡೆ ಯಾಕೆ ಸಣ್ಣ ಆಗಿತ್ತು?
3. ಹುಡುಗಿ ಸಾಲು ಬಿಟ್ಟು ಯಾಕೆ ಬಂದಳು?

ಆ. ಬಿಟ್ಟ ಪದ ತುಂಬಿ.
1. ಮೆಟ್ಟಿಲು ಹತ್ತುವಾಗ ______ ಕಾಲು ಮೊದಲು.
2. ಪ್ಲಾಸ್ಟರ್ ______ ಮೆತ್ತಗಾಗುತ್ತದೆ.
3. ಮೂಳೆ ಕೂಡಿತು ಅಂದರೆ ಕಾಲು ______ ಆಯಿತು ಅಂತಲ್ಲ.

ಇ. ಒತ್ತಕ್ಷರ ಗುರುತಿಸಿ, ಎರಡು ಸಲ ಬರೆಯಿರಿ.
ಆಸ್ಪತ್ರೆ, ಡಾಕ್ಟರು, ಶಸ್ತ್ರಚಿಕಿತ್ಸೆ, ಮೆಟ್ಟಿಲು, ಇಳಿಸಿದ್ದಾರೆ

ಈ. ಲೆಕ್ಕ ಮಾಡಿ.
1. ಸಂಘದಿಂದ 40 ಜನ ಹೊರಟರು. ಬಸ್ಸಿನ ಬಾಡಿಗೆ 12,000 ರೂಪಾಯಿ. ಒಬ್ಬರಿಗೆ ಎಷ್ಟು?
2. ಪ್ಲಾಸ್ಟರ್ 12 ವಾರ ಇತ್ತು. ಒಟ್ಟು ಎಷ್ಟು ದಿನ?

ಉ. ಗುಂಪಿನಲ್ಲಿ ಮಾತಾಡಿ.
ನಿಮ್ಮೂರಿನಲ್ಲಿ ಕಾಲಿಗೆ ಏಟಾಗಿ ಮನೆಯಲ್ಲೇ ಕೂತವರು ಯಾರಿದ್ದಾರೆ? ಮುಂದಿನ ಹಬ್ಬಕ್ಕೆ, ಸಂತೆಗೆ, ಜಾತ್ರೆಗೆ ಅವರನ್ನು ಕರೆದುಕೊಂಡು ಹೋಗಲು ಏನೇನು ಬೇಕು? ಪಟ್ಟಿ ಮಾಡಿ. ಮುಂದಿನ ತರಗತಿಗೆ ಬರುವಾಗ ಆ ಪಟ್ಟಿ ತನ್ನಿ.